ನೌಕರಿ ಸಿಗುವ ಮೊದಲೇ ಊರಿನ ಕೆಲಸಕ್ಕೆ ಇಳಿಯಬಹುದಾ?

"ನಾನು ಸೇಡಂ ಕಡೆಯವಳು, 19 ವರ್ಷ, ಬಿ.ಎ. ಓದುತ್ತಿದ್ದೇನೆ. ಊರಿಗೆ ಏನಾದರೂ ಮಾಡುವ ಆಸೆ. ಮೊದಲು ನೌಕರಿ ಆಗಲಿ, ಆಮೇಲೆ ದಾನಧರ್ಮ ಅಂತಾರೆ ಮನೆಯಲ್ಲಿ. ಏನು ಮಾಡಲಿ?"

ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಊರಷ್ಟೇ ಬೇರೆ: ಚಿತ್ತಾಪುರ, ಭಾಲ್ಕಿ, ಸುರಪುರ. ಉತ್ತರವೂ ಹಳೆಯದೇ. ಈಗಲೇ ಶುರು ಮಾಡಿ. 18 ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಗ್ರಾಮಸಭೆಗೆ ಸೇರಿದವರು. ಹೋಗಿ, ಕೂತು, ಮಾತಾಡಿ. 21ಕ್ಕೆ ಪಂಚಾಯಿತಿ ಚುನಾವಣೆಗೂ ನಿಲ್ಲಬಹುದು.

ಆದರೆ "ದುಡ್ಡಿದ್ದವರದ್ದೇ ದಾನ" ಅನ್ನುವ ಮಾತಿದೆಯಲ್ಲ, ಅದನ್ನು ಎಷ್ಟು ಸಲ ಅಲ್ಲಗಳೆದರೂ ಮತ್ತೆ ಎದುರು ಬರುತ್ತದೆ. ದಾಸೋಹದ ನೆಲದಲ್ಲಿ ಕೂತು ನಾವು ಹೀಗೆ ಹೇಳಬಹುದಾ? ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಆ ಕಲ್ಯಾಣದಲ್ಲಿ ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಜಾಸ್ತಿ ತಂದಾಗ, ಇಷ್ಟು ನಮಗೆ ಬೇಡ, ವಾಪಸ್ ಸುರಿದು ಬಾ ಅಂದವಳು ಅವನ ಹೆಂಡತಿ ಲಕ್ಕಮ್ಮ. ದಾಸೋಹ ಎಷ್ಟರಲ್ಲಿ ನಡೆಯಬೇಕು ಅಂತ ತೀರ್ಮಾನಿಸಿದ್ದು ಆ ಹೆಣ್ಣುಮಗಳು.

ಈಗಿನ ಮಾತಿಗೆ ಬರೋಣ. ನಿಮ್ಮ ಓಣಿಯಲ್ಲಿ 65 ದಾಟಿದ, ದಿಕ್ಕಿಲ್ಲದ ಒಬ್ಬ ಅಜ್ಜಿ ಇದ್ದಾಳೆ ಅಂದುಕೊಳ್ಳಿ. ಅವಳಿಗೆ ನೂರು ರೂಪಾಯಿ ಕೊಟ್ಟರೆ ಎರಡು ದಿನಕ್ಕೆ ಖರ್ಚಾಗುತ್ತದೆ. ಅದರ ಬದಲು ಅವಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಕೊಂಡು, ಜೊತೆಗೆ ನಾಡಕಚೇರಿಗೆ ಹೋಗಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿ. ಮಂಜೂರಾದರೆ ತಿಂಗಳು ತಿಂಗಳು ಹಣ ಬರುತ್ತದೆ. ಓದು ಬಾರದ ಅಜ್ಜಿಗೆ ನಿಮ್ಮ ಅಕ್ಷರವೇ ದೊಡ್ಡ ದಾನ. ನಮ್ಮ ಎನ್‌ಎಸ್‌ಎಸ್ ಹುಡುಗಿಯರು ಶಿಬಿರಕ್ಕೆ ಹೋದ ಊರಲ್ಲಿ ಈ ಕೆಲಸ ಮಾಡಿದಾಗ ನನಗಾದ ಖುಷಿ, ಅವರು ರ‍್ಯಾಂಕ್ ತಂದಾಗಲೂ ಆಗಿರಲಿಲ್ಲ.

ರಕ್ತವನ್ನೂ ಕೊಡಬಹುದು: ಕನಿಷ್ಠ 18 ವರ್ಷ, 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಕಡಿಮೆ ಬಂದರೆ ನಾಚಿಕೆ ಬೇಡ. ಮೊದಲು ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಈ ಕೆಲಸ ಏನಾಗುತ್ತದೆ? ನಿಂತೇ ಹೋಗುತ್ತದೆ, ಎಲ್ಲವೂ ನಿಮ್ಮೊಬ್ಬರ ತಲೆಯಲ್ಲೇ ಇದ್ದರೆ. ಅದಕ್ಕೇ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ಯಾರ ಅರ್ಜಿ, ಯಾವ ತಾರೀಕು, ಎಲ್ಲಿಗೆ ಬಂತು, ಎಲ್ಲ ಬರೆಯಿರಿ. ಚಂದಾ ಎತ್ತಿದರೆ ಒಂದೊಂದು ರೂಪಾಯಿಗೂ ಲೆಕ್ಕ ಇರಲಿ, ಇಬ್ಬರ ಸಹಿ ಇರಲಿ. ನಾಡಕಚೇರಿಗೆ ಹೋಗುವಾಗ ಪಿಯುಸಿ ಓದುವ ಒಬ್ಬ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡನೇ ಅರ್ಜಿಯನ್ನು ಅವಳೇ ತುಂಬಲಿ.