‘ಇಷ್ಟೆಲ್ಲ ನೆರವು ಬಂದಿದ್ದರೆ ಅದು ಹೋಗಿದ್ದೆಲ್ಲಿಗೆ?’

ಪ್ರಶ್ನೆ: ಶ್ರೀಮಂತ ದೇಶಗಳು ಬಡ ದೇಶಗಳಿಗೆ ಪ್ರತಿ ವರ್ಷ ಲಕ್ಷಾಂತರ ಕೋಟಿ ರೂಪಾಯಿ ಅಭಿವೃದ್ಧಿ ನೆರವು ಕೊಡುತ್ತವೆ ಎಂದು ಓದುತ್ತೇವೆ. ಆದರೂ ಬಡತನ ಹೋಗಿಲ್ಲವೆಂದರೆ ನಡುವೆ ಯಾರೋ ನುಂಗಿ ನೀರು ಕುಡಿದಿದ್ದಾರೆ ಎಂದೇ ಅರ್ಥವಲ್ಲವೇ? ಇದರ ಲೆಕ್ಕ ಇಡುವವರು ಯಾರು? – ಓದುಗರು, ಚಳ್ಳಕೆರೆ

ಉತ್ತರ: ಇದೇ ಪ್ರಶ್ನೆ ಹೊಸದುರ್ಗದಿಂದಲೂ ಜಗಳೂರಿನಿಂದಲೂ ಹರಿಹರದಿಂದಲೂ ಬಂದಿದೆ, ಮತ್ತು ಉತ್ತರಿಸಿದ ಮೇಲೂ ಬರುತ್ತಲೇ ಇದೆ. ಲೆಕ್ಕ ಇಡುವವರ ವಿಷಯ ಮೊದಲು ಮುಗಿಸುತ್ತೇನೆ. ಕೊಡುವ ದೇಶಗಳ ಅಂಕಿಅಂಶವನ್ನು ಪ್ಯಾರಿಸ್‌ನಲ್ಲಿರುವ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿ ಕಲೆಹಾಕುತ್ತದೆ. ಪಡೆದ ದೇಶಗಳ ವಿದೇಶಿ ಸಾಲದ ವಿವರವನ್ನು ವಿಶ್ವಬ್ಯಾಂಕ್ 1951ರಿಂದ ಆಯಾ ಸರ್ಕಾರಗಳಿಂದಲೇ ತರಿಸಿಕೊಳ್ಳುತ್ತಿದೆ. ಯೋಜನಾವಾರು ಮಾಹಿತಿಯನ್ನು ಪ್ರಕಟಿಸಲು 2008ರಲ್ಲಿ ಅಂತರರಾಷ್ಟ್ರೀಯ ನೆರವು ಪಾರದರ್ಶಕತೆ ಉಪಕ್ರಮ ಆರಂಭವಾಯಿತು. ಲೆಕ್ಕ ಇಡುವವರಿಗೇನೂ ಬರವಿಲ್ಲ.

ತೊಂದರೆ ಇರುವುದು ಪ್ರಶ್ನೆಯ ಮೊದಲರ್ಧದಲ್ಲಿ. ನೆರವು ಎಂದು ಪ್ರಕಟವಾದ ಮೊತ್ತವೆಲ್ಲ ಬಡ ದೇಶದ ಖಜಾನೆಗೆ ಬಂದು ಬಿದ್ದಿದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಪದವಿ ತರಗತಿಯ ವಿದ್ಯಾರ್ಥಿಗಳೂ ಅದನ್ನು ಬಿಡಲು ಒಪ್ಪುವುದಿಲ್ಲ. ಅಚ್ಚರಿಯೆಂದರೆ ಇದೇ ಜನ ಊರಿನ ವಿಷಯ ಬಂದಾಗ ಇಂಥ ತಪ್ಪು ಮಾಡುವುದಿಲ್ಲ. 2023ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಚಿತ್ರದುರ್ಗದಲ್ಲಿ ಯಾರೂ ಆ ಹಣ ಬಂದೇಬಿಟ್ಟಿತು ಎಂದು ಬರೆದಿಟ್ಟುಕೊಳ್ಳಲಿಲ್ಲ. ಬಿಡುಗಡೆ ಯಾವಾಗ ಎಂದು ಕೇಳಿದರು, ಅದಕ್ಕಾಗಿ ಹೋರಾಟಕ್ಕೂ ಇಳಿದರು. ಘೋಷಣೆ, ಮಂಜೂರಾತಿ, ಬಿಡುಗಡೆ, ಖರ್ಚು ಇವು ನಾಲ್ಕು ಬೇರೆ ಬೇರೆ ಅಂಕಿಗಳು ಎಂಬುದು ನಮಗೆ ಗೊತ್ತಿದೆ. ವಿದೇಶಿ ನೆರವಿನಲ್ಲೂ ಈ ನಾಲ್ಕು ಹಂತಗಳಿವೆ, ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು ಹೆಚ್ಚಾಗಿ ಮೊದಲನೆಯದು.

ಬಿಡುಗಡೆಯಾದ ಹಣವೂ ಕೊಡುವ ದೇಶದ ಗಡಿ ದಾಟಬೇಕೆಂದಿಲ್ಲ. ತನ್ನ ನೆಲಕ್ಕೆ ಬಂದ ನಿರಾಶ್ರಿತರ ಊಟ, ವಸತಿಗೆ ಒಂದು ದೇಶ ಮೊದಲ 12 ತಿಂಗಳು ಮಾಡುವ ವೆಚ್ಚವನ್ನು ಅಧಿಕೃತ ಅಭಿವೃದ್ಧಿ ನೆರವು ಎಂದು ತೋರಿಸಲು ನಿಯಮದಲ್ಲೇ ಅವಕಾಶವಿದೆ. 2023ರಲ್ಲಿ ಸಮಿತಿಯ ಸದಸ್ಯ ದೇಶಗಳು ತೋರಿಸಿದ ಒಟ್ಟು ನೆರವು ಸುಮಾರು 223 ಶತಕೋಟಿ ಡಾಲರ್. ಅದರಲ್ಲಿ ಸುಮಾರು 31 ಶತಕೋಟಿ, ಅಂದರೆ ನೂರಕ್ಕೆ 14ರಷ್ಟು, ಹೀಗೆ ಅವರ ದೇಶದೊಳಗೇ ಖರ್ಚಾಗಿತ್ತು. ನಿರಾಶ್ರಿತರಿಗೆ ಅನ್ನ ಹಾಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆ ಹಣವನ್ನು ಆಫ್ರಿಕಾದ ಯಾವುದೋ ಮಂತ್ರಿ ನುಂಗಿದನೆಂದು ಹೇಳುವುದಂತೂ ತಪ್ಪೇ.

ಇನ್ನು ಸಾಲದ ಮಾತು. ಮೃದು ಷರತ್ತಿನ ಸಾಲವೂ, ಅಂದರೆ ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಕೊಡುವ ಸಾಲವೂ, ನೆರವಿನ ಲೆಕ್ಕಕ್ಕೆ ಸೇರುತ್ತದೆ. ಮೊದಲು ಇಡೀ ಸಾಲವನ್ನು ಜಮಾ ಮಾಡಿ, ಅಸಲು ಮರಳಿದಂತೆ ಕಳೆಯುತ್ತಿದ್ದರು. 2018ರ ಅಂಕಿಗಳಿಂದ, ಸಾಲದಲ್ಲಿ ಅನುದಾನಕ್ಕೆ ಸಮನಾದ ಭಾಗವನ್ನಷ್ಟೇ, ಅಂದರೆ ಮೃದು ಷರತ್ತಿನಿಂದಾಗಿ ಪಡೆದವರಿಗೆ ಉಳಿಯುವ ಮೊತ್ತವನ್ನಷ್ಟೇ, ಎಣಿಸುವ ಪದ್ಧತಿ ಬಂದಿದೆ. ಹಾಗಾಗಿ 2018ರ ಹಿಂದಿನ ಮತ್ತು ನಂತರದ ಮೊತ್ತಗಳನ್ನು ನೇರವಾಗಿ ಹೋಲಿಸಿ ನನಗೆ ಪತ್ರ ಬರೆಯಬೇಡಿ. ನಮ್ಮ ಜಿಲ್ಲೆಯಲ್ಲೇ ನಡೆದ ಸುಜಲ ಜಲಾನಯನ ಯೋಜನೆಯನ್ನು ನೋಡಿ. ಬದು, ಕೃಷಿಹೊಂಡ, ತಡೆ ಅಣೆಗಳ ಈ ಕೆಲಸವನ್ನು ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ಕೈಗೊಂಡದ್ದು ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದ ಹಣದಿಂದ. ‘ವಿಶ್ವಬ್ಯಾಂಕ್ ಕೊಟ್ಟ ದುಡ್ಡು’ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಕೊಟ್ಟದ್ದಲ್ಲ, ಕಂತುಗಳಲ್ಲಿ ತೀರಿಸಬೇಕಾದ ಸಾಲ.

ಕಳ್ಳತನ ನಡೆದೇ ಇಲ್ಲ ಎನ್ನುವುದು ನನ್ನ ವಾದವಲ್ಲ. ಎಷ್ಟು ಬಂತು ಎಂದು ತಿಳಿಯದೆ ಎಷ್ಟು ಹೋಯಿತು ಎಂದು ಹೇಳಲಾಗದು, ಅಷ್ಟೆ. ಒಂದು ದೇಶ ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದಕ್ಕೆ ಹಣ ಕೊಟ್ಟು, ಆ ಸಂಸ್ಥೆ ಅದನ್ನೇ ಯೋಜನೆಗೆ ಕೊಟ್ಟಾಗ ಇಬ್ಬರೂ ವರದಿ ಮಾಡುತ್ತಾರೆ. ಎಚ್ಚರವಿಲ್ಲದೆ ಕೂಡಿದವರ ಕೈಯಲ್ಲಿ ಒಂದು ರೂಪಾಯಿ ಎರಡಾಗುತ್ತದೆ.

ನೀವು ಕೇಳದಿದ್ದರೂ ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ: ಬಂದ ಹಣ ಲೆಕ್ಕದಲ್ಲೇ ಕಾಣಿಸದಿದ್ದರೆ? ಮೊಜಾಂಬಿಕ್‌ನಲ್ಲಿ 2013-14ರಲ್ಲಿ ಸರ್ಕಾರಿ ಒಡೆತನದ ಕಂಪನಿಗಳು ಮೀನುಗಾರಿಕೆ ಮತ್ತು ಕರಾವಳಿ ರಕ್ಷಣೆಯ ಹೆಸರಿನಲ್ಲಿ ವಿದೇಶಿ ಬ್ಯಾಂಕುಗಳಿಂದ ಭಾರಿ ಸಾಲ ಎತ್ತಿದವು. ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಖಾತರಿ ನೀಡಿತು. ನೂರು ಕೋಟಿ ಡಾಲರ್‌ಗೂ ಮಿಕ್ಕಿದ ಗುಪ್ತ ಸಾಲ 2016ರಲ್ಲಿ ಬಯಲಾದಾಗ ಅಂತರರಾಷ್ಟ್ರೀಯ ಹಣಕಾಸು ನಿಧಿ ತನ್ನ ನೆರವನ್ನು ನಿಲ್ಲಿಸಿತು, ಉಳಿದ ದಾನಿಗಳೂ ಹಿಂದೆ ಸರಿದರು. ವಿಶ್ವಬ್ಯಾಂಕಿನ ಸಾಲ ವರದಿಯಲ್ಲಿ ಸರ್ಕಾರಿ ಖಾತರಿಯ ಸಾಲಕ್ಕೂ ಸ್ಥಳವಿದೆ. ಆದರೆ ಅದನ್ನು ತುಂಬಿ ಕಳಿಸಬೇಕಾದದ್ದು ಸಾಲ ಪಡೆದ ಸರ್ಕಾರವೇ. ಇಲ್ಲಿ ಖಾತರಿಗೆ ಸಹಿ ಹಾಕಿದ್ದವರು ಆಗಿನ ಹಣಕಾಸು ಸಚಿವ ಮ್ಯಾನುಯೆಲ್ ಚಾಂಗ್. ಈ ಹಗರಣದಲ್ಲಿ ಅವರು ತಪ್ಪಿತಸ್ಥರೆಂದು ನ್ಯೂಯಾರ್ಕ್‌ನ ನ್ಯಾಯಾಲಯವೊಂದರಲ್ಲಿ 2024ರಲ್ಲಿ ತೀರ್ಮಾನವಾಯಿತು. ಆದ್ದರಿಂದ ಸಾಲ ಪಡೆದವರ ವರದಿಯೊಂದನ್ನೇ ನಂಬದೆ, ಕೊಟ್ಟವರಿಂದಲೂ ಸಾಲವಾರು ವಿವರ ತರಿಸಿ ಎರಡನ್ನೂ ತಾಳೆ ನೋಡಬೇಕು. ಅಭಿವೃದ್ಧಿ ನೆರವು ಸಮಿತಿಯ ಸದಸ್ಯರಲ್ಲದ ಚೀನಾಕ್ಕೂ, ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಮೂಲಕ ಆಫ್ರಿಕಾ, ಏಷ್ಯಾದ ದೇಶಗಳಿಗೆ ಸಾಲ ಕೊಡುತ್ತಿರುವ ಭಾರತಕ್ಕೂ ಈ ಮಾತು ಅನ್ವಯಿಸುತ್ತದೆ.