ಕೈ ದಣಿಯದ ಕತ್ತರಿ

ಗೋಡೆಗೆ ಉಜ್ಜುತ್ತಿದ್ದ ಎರಡು ಕೊಂಬೆ ತೆಗೆಯೋಣ ಎಂದು ಹಿತ್ತಲಿಗೆ ಹೋದೆ. ಕೈಯಲ್ಲಿ ಹೊಸ ಎಲೆಕ್ಟ್ರಿಕ್ ಲಾಪರ್, ಅಂದರೆ ಬ್ಯಾಟರಿಯಿಂದ ಓಡುವ ಕೊಂಬೆ ಕತ್ತರಿ. ಗುಂಡಿ ಒತ್ತಿದರೆ ಕರ್ ಎಂಬ ಸದ್ದು, ಕೊಂಬೆ ನೆಲಕ್ಕೆ. ಇಷ್ಟು ಸುಲಭವಾ ಅನ್ನಿಸಿ ಮೂರನೆಯದಕ್ಕೆ ಕೈ ಹಾಕಿದೆ. ಆಮೇಲೆ ನಾಲ್ಕು, ಐದು. ಅರ್ಧ ಗಂಟೆ ಬಿಟ್ಟು ತಲೆ ಎತ್ತಿ ನೋಡಿದರೆ ಅರ್ಧ ಮರ ನೆಲದ ಮೇಲಿತ್ತು. ಕೈ ಮಾತ್ರ ಒಂಚೂರೂ ನೋಯುತ್ತಿರಲಿಲ್ಲ.

ಎಡವಟ್ಟಾಗಿದ್ದು ಅಲ್ಲೇ. ಮಚ್ಚನ್ನೋ ಕೈಗರಗಸವನ್ನೋ ಹಿಡಿದರೆ ಹತ್ತು ಕೊಂಬೆಗೇ ಭುಜ ಸೋಲುತ್ತದೆ. ಸುಸ್ತಾಗಿ ನಿಲ್ಲುತ್ತೇವೆ. ನಿಂತಾಗ ಮರದ ಕಡೆ ಕಣ್ಣು ಹೋಗುತ್ತದೆ. ಸಾಕು, ಇದೊಂದು ಇರಲಿ ಅನ್ನಿಸುತ್ತದೆ. ಇಷ್ಟು ಕಾಲ ಮರವನ್ನು ಕಾಯುತ್ತಿದ್ದದ್ದು ನಮ್ಮ ಆ ಸುಸ್ತೇ. ಮೋಟಾರು ಮೊದಲು ಕಿತ್ತುಹಾಕಿದ್ದು ಅದನ್ನು.

ಅಸಲಿಗೆ ಒಂದು ಕೊಂಬೆ ಕತ್ತರಿಸಲು ಎಷ್ಟು ಶಕ್ತಿ ಬೇಕು? ಮರವೆಂದರೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಕೊಳವೆಗಳ ಕಂತೆ. ಸೌದೆಯನ್ನು ಉದ್ದಕ್ಕೆ ಸೀಳುವಾಗ ಕೊಳವೆಗಳ ನಡುವಿನ ಅಂಟು ಬಿಟ್ಟುಕೊಳ್ಳುತ್ತದೆ, ಅಷ್ಟೇ. ಅಡ್ಡಕ್ಕೆ ಕತ್ತರಿಸುವಾಗ ಒಂದೊಂದು ಕೊಳವೆಯನ್ನೂ ತುಂಡು ಮಾಡಬೇಕು. ಅದಕ್ಕೇ ಒಂದೇ ಏಟಿಗೆ ಸೀಳುವ ಸೌದೆ, ಅಡ್ಡಕ್ಕೆ ಹೊಡೆದರೆ ಜಗ್ಗುವುದಿಲ್ಲ. ದಪ್ಪದ ಲೆಕ್ಕ ಇನ್ನೂ ಕಷ್ಟದ್ದು. 2 ಸೆಂ.ಮೀ. ಕೊಂಬೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3 ಚದರ ಸೆಂ.ಮೀ. ಕೊಂಬೆ 4 ಸೆಂ.ಮೀ. ಆದರೆ ಅದು 12 ದಾಟುತ್ತದೆ. ಕಣ್ಣಿಗೆ ಎರಡರಷ್ಟು ದಪ್ಪ, ಅಲಗಿಗೆ ನಾಲ್ಕರಷ್ಟು ಮರ. ಮೊದಲ ದಿನವೇ ಯಂತ್ರ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಈ ಲೆಕ್ಕ ಮರೆತಾಗ.

ಉದ್ದ ಹಿಡಿಯ ಹಳೆಯ ಲಾಪರ್ ಇದನ್ನು ಸನ್ನೆಗೋಲಿನಿಂದ ಗೆಲ್ಲುತ್ತಿತ್ತು. 3 ಸೆಂ.ಮೀ. ಹಸಿ ಕೊಂಬೆಗೆ ಅಲಗಿನ ಬಳಿ 2000 ನ್ಯೂಟನ್ ಬಲ ಬೇಕು ಅಂದುಕೊಳ್ಳೋಣ. ಅಂದರೆ 200 ಕಿಲೋ ತೂಕ ಹೇರಿದ ಹಾಗೆ. ಹಿಡಿ 60 ಸೆಂ.ಮೀ. ಉದ್ದವಿದ್ದು, ಕೊಂಬೆ ತಿರುಗುಣಿಯಿಂದ 6 ಸೆಂ.ಮೀ. ದೂರದಲ್ಲಿದ್ದರೆ ಬಲ ಹತ್ತು ಪಟ್ಟಾಗುತ್ತದೆ. ನಮ್ಮ ಕೈ ಒತ್ತಬೇಕಾದ್ದು 200 ನ್ಯೂಟನ್. ಆದರೆ ಬಿಟ್ಟಿಯೇನೂ ಇಲ್ಲ. ಅಲಗು 3 ಸೆಂ.ಮೀ. ಸರಿಯಲು ಹಿಡಿಗಳು 30 ಸೆಂ.ಮೀ. ಹತ್ತಿರವಾಗಬೇಕು. ಹೇಗೆ ಗುಣಿಸಿದರೂ ಕೆಲಸ 60 ಜೂಲ್. ಆರು ಕಿಲೋ ಚೀಲವನ್ನು ಒಂದು ಮೀಟರ್ ಎತ್ತಿದಷ್ಟು. ಒಂದು ಸಲಕ್ಕೆ ಏನೇನೂ ಅಲ್ಲ. ಐದುನೂರು ಸಲ ಎತ್ತಿ ನೋಡಿ.

ಬ್ಯಾಟರಿಗೆ ಈ ಐದುನೂರು ಲೆಕ್ಕಕ್ಕೇ ಇಲ್ಲ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾದ 18 ವೋಲ್ಟ್ ಬ್ಯಾಟರಿಯೊಳಗೆ ತಲಾ 3.6 ವೋಲ್ಟಿನ ಐದು ಲಿಥಿಯಂ ಅಯಾನ್ ಕೋಶಗಳು ಸಾಲಾಗಿ ಕೂತಿರುತ್ತವೆ. ಡಬ್ಬದ ಮೇಲೆ 20 ಅಥವಾ 21 ವೋಲ್ಟ್ ಎಂದಿದ್ದರೆ ಅದು ಆಗತಾನೆ ಚಾರ್ಜ್ ಆದಾಗಿನ ಲೆಕ್ಕ. ಬ್ಯಾಟರಿ ಅದೇ, ಹೆಸರು ದೊಡ್ಡದು. 2 ಆಂಪಿಯರ್ ಅವರ್ ಎಂದು ಬರೆದಿದ್ದರೆ ಒಟ್ಟು 36 ವ್ಯಾಟ್ ಅವರ್, ಅಂದರೆ 1,29,600 ಜೂಲ್. ಅರ್ಧ ಶಕ್ತಿ ಶಾಖ, ಸದ್ದು, ಹಲ್ಲುಚಕ್ರಗಳ ಉಜ್ಜಾಟಕ್ಕೆ ಹೋಯಿತು ಎಂದರೂ ನಮ್ಮ ಕೊಂಬೆಗಳಲ್ಲಿ ಸಾವಿರ ಆಗುತ್ತವೆ. ಇದು ಕಾಗದದ ಮೇಲಿನ ಅಂದಾಜು. ಒಣ ಗಟ್ಟಿ ಕೊಂಬೆ ಬಂದರೆ ಸಂಖ್ಯೆ ಬೇಗ ಇಳಿಯುತ್ತದೆ. ಒಳಗಿನ ಮೋಟಾರು ಪುಟ್ಟದಾದರೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹಲ್ಲುಚಕ್ರಗಳು ಆ ವೇಗವನ್ನು ಕಡಿಮೆ ಮಾಡಿ ಬಲವನ್ನು ಹೆಚ್ಚಿಸುತ್ತವೆ. ಉದ್ದ ಹಿಡಿ ಮಾಡುತ್ತಿದ್ದ ವ್ಯಾಪಾರವನ್ನೇ ಈಗ ಮುಷ್ಟಿಯಷ್ಟು ಜಾಗದಲ್ಲಿ ಚಕ್ರಗಳು ಮಾಡುತ್ತವೆ.

ಎಲೆಕ್ಟ್ರಿಕ್ ಲಾಪರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಒಂದು ಕತ್ತರಿ ಜಾತಿ. ಇದು ಕೊಂಬೆಯನ್ನು ಹಿಂಡಿ ಕತ್ತರಿಸುತ್ತದೆ, ನುಣುಪಾದ ಗಾಯ ಬಿಡುತ್ತದೆ. ಹೆಚ್ಚಿನವಕ್ಕೆ ಸುಮಾರು 3 ಸೆಂ.ಮೀ. ದಾಟಿದರೆ ಕಷ್ಟ. 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಇದು ಬಳಕೆಗೆ ಬಂತು. ದಿನಕ್ಕೆ ಸಾವಿರಾರು ಸಲ ಕತ್ತರಿ ಹಿಂಡುವ ಮಣಿಕಟ್ಟುಗಳ ನೋವು ತಪ್ಪಿಸಲು ಹುಟ್ಟಿದ ಸಾಧನ ಇದು.

ಇನ್ನೊಂದು ಗರಗಸ ಜಾತಿ. ಎರಡು ದವಡೆಗಳ ನಡುವೆ ಒಂದು ಪುಟ್ಟ ಚೈನ್ ಗರಗಸ. ದವಡೆ ಕೊಂಬೆಯನ್ನು ಕಚ್ಚಿ ಹಿಡಿಯುತ್ತದೆ, ಹಿಡಿ ಒತ್ತಿದಂತೆ ಚೈನ್ ಒಳಗಿಳಿಯುತ್ತದೆ. 10 ಸೆಂ.ಮೀ. ಕೊಂಬೆಯನ್ನೂ ತೆಗೆಯಬಲ್ಲವು ಇವೆ. ಅದೇ ಬ್ಯಾಟರಿ, ಅಂಥದ್ದೇ ಮೋಟಾರು, ಹಾಗಿದ್ದೂ ಮೂರು ಪಟ್ಟು ದಪ್ಪ ಹೇಗೆ? ಕತ್ತರಿ ಇಡೀ ಕೊಂಬೆಯ ಜೊತೆ ಒಂದೇ ಸಲಕ್ಕೆ ಕುಸ್ತಿಗೆ ಇಳಿಯುತ್ತದೆ. ಗರಗಸದ ಹಲ್ಲು ಉಗುರಿನಷ್ಟು ಮರ ಕೆರೆದು ಮುಂದಕ್ಕೆ ಹೋಗುತ್ತದೆ, ಹಿಂದೆ ಇನ್ನೊಂದು ಹಲ್ಲು ಬರುತ್ತದೆ. ಬಲದ ಬದಲು ಸಮಯ ಕೊಡುತ್ತದೆ.

ಆ ಹಲ್ಲಿನದ್ದೇ ಒಂದು ಕಥೆ ಇದೆ. ಆಂಡ್ರಿಯಾಸ್ ಸ್ಟಿಲ್ ಜರ್ಮನಿಯಲ್ಲಿ ವಿದ್ಯುತ್ ಚೈನ್ ಗರಗಸ ಮಾಡಿದ್ದು 1926ರಲ್ಲಿ. ಹೌದು, ಆತ ಮೊದಲು ಮಾಡಿದ್ದು ಪೆಟ್ರೋಲಿನದ್ದಲ್ಲ, ಕರೆಂಟಿನದ್ದು. ಆದರೆ ಆ ಕಾಲದ ಚೈನುಗಳ ಹಲ್ಲುಗಳು ಮಾಮೂಲಿ ಗರಗಸದ ಹಲ್ಲಿನ ನಕಲು. ಬೇಗ ಮೊಂಡಾಗುತ್ತಿದ್ದವು, ಮತ್ತೆ ಮತ್ತೆ ಅರ ಹಿಡಿದು ಉಜ್ಜಬೇಕಿತ್ತು. 1946ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಮರ ಕಡಿಯುತ್ತಿದ್ದಾಗ ಒಂದು ಮೋಟುಮರದಲ್ಲಿ ದುಂಬಿಯ ಮರಿಹುಳು ಕಂಡ. ಗಟ್ಟಿ ಮರವನ್ನು ಅದು ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ ತಿಂದುಹಾಕುತ್ತಿತ್ತು. ಅದರ ದವಡೆಗಳು ಬಾಗಿದ್ದವು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಿತ್ತು. ಕಾಕ್ಸ್ ಅದನ್ನೇ ಉಕ್ಕಿನಲ್ಲಿ ಮಾಡಿದ. ಒಂದು ಹಲ್ಲು ಎಡಕ್ಕೆ ಬಾಗಿದರೆ ಮುಂದಿನದು ಬಲಕ್ಕೆ. ಹಲ್ಲಿನ ಪಕ್ಕದ ಅಂಚು ನಾರನ್ನು ಕತ್ತರಿಸುತ್ತದೆ, ಮೇಲಿನ ಅಂಚು ಚಕ್ಕೆಯಾಗಿ ಎಬ್ಬಿಸುತ್ತದೆ. ನಿಮ್ಮ ಕೈಯಲ್ಲಿರುವ ಅಂಗೈ ಉದ್ದದ ಚೈನಿನಲ್ಲೂ ಅದೇ ಹುಳುವಿನ ಹಲ್ಲು.

ಇದೇ ಚೈನ್ ಗರಗಸ ಮರದ ಒಳಗುಟ್ಟನ್ನೂ ಬಿಚ್ಚಿಟ್ಟಿತು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಅಡ್ಡಕ್ಕೆ ಕೊಯ್ದರೆ ಕೊಳೆತ ಭಾಗ ಬರೀ ಒಂದು ಕಪ್ಪು ಚುಕ್ಕೆ. ಉದ್ದಕ್ಕೆ ಸೀಳಿದರೆ ಅದು ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂಬುದೆಲ್ಲ ಕಾಣುತ್ತದೆ. 1977ರಲ್ಲಿ ಪ್ರಕಟವಾದ ಅವರ ವಿವರಣೆಯ ತಿರುಳು ಇದು: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಅಂಗಾಂಶದ ಜಾಗಕ್ಕೆ ಹೊಸದು ಬರುವುದಿಲ್ಲ. ಮರ ಆ ಭಾಗದ ಸುತ್ತ ಗೋಡೆ ಕಟ್ಟಿ, ಒಳಗಿರುವುದನ್ನು ಒಳಗೇ ಬಿಟ್ಟು, ಹೊರಗೆ ಹೊಸ ಮರ ಬೆಳೆಸಿಕೊಂಡು ಮುಂದೆ ಹೋಗುತ್ತದೆ. ಮೂವತ್ತು ವರ್ಷದ ಹಿಂದೆ ನೀವು ಮಾಡಿದ ಗಾಯ ಇವತ್ತೂ ಅದರ ಹೊಟ್ಟೆಯಲ್ಲಿದೆ.

ಹಾಗಾಗಿ ಎಲ್ಲಿ ಕತ್ತರಿಸುತ್ತೀರಿ ಎಂಬುದು ಮರಕ್ಕೆ ಜೀವಮಾನದ ವಿಷಯ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಗಮನಿಸಿ. ಅಂಗಿಯ ಕಾಲರಿನ ಹಾಗೆ ಸ್ವಲ್ಪ ಉಬ್ಬಿದ ಒಂದು ಪಟ್ಟಿ ಇರುತ್ತದೆ. ಕೆಲವು ಮರಗಳಲ್ಲಿ ಎದ್ದು ಕಾಣುತ್ತದೆ, ಕೆಲವದರಲ್ಲಿ ಬೆರಳಾಡಿಸಿ ಹುಡುಕಬೇಕು. ಈ ಕಾಲರ್ ಕಾಂಡದ ಅಂಗಾಂಶ. ಗೋಡೆ ಕಟ್ಟುವ ಸಾಮಾನೆಲ್ಲ ಇರುವುದು ಇಲ್ಲಿ. ಅದರ ಹೊರಗೆ, ಅದಕ್ಕೆ ಹತ್ತಿಕೊಂಡಂತೆ ಕತ್ತರಿಸಬೇಕು. ನೀಟಾಗಿ ಕಾಣಲಿ ಎಂದು ಕಾಂಡಕ್ಕೆ ಸಮವಾಗಿ ಸವರಿದರೆ ಗೋಡೆಯೇ ಹೋಯಿತು. ಗಾಯವೂ ದೊಡ್ಡದು. ಹೆದರಿ ಗೇಣುದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆತಕ್ಕೆ ಬಾಗಿಲಾಗುತ್ತದೆ. ಕತ್ತರಿ ಜಾತಿಯದಾದರೆ ತೆಳು ಅಲಗು ಕಾಂಡದ ಕಡೆ, ದಪ್ಪ ಕೊಕ್ಕೆ ಬಿದ್ದುಹೋಗುವ ಕೊಂಬೆಯ ಕಡೆ ಇರಲಿ. ತಿರುವುಮುರುವು ಹಿಡಿದರೆ ಕೊಕ್ಕೆಯ ದಪ್ಪದಷ್ಟು ಮೋಟು ಉಳಿಯುತ್ತದೆ. ಇನ್ನು ಗಾಯಕ್ಕೆ ಪೇಂಟ್, ಟಾರು ಬಳಿಯುವ ರೂಢಿ. ಕೆಲವು ನಿರ್ದಿಷ್ಟ ರೋಗಗಳ ಕಾಟ ಇರುವ ಕಡೆ ಬಿಟ್ಟರೆ ಅದರಿಂದ ಮರಕ್ಕೆ ಲಾಭವಿಲ್ಲ. ಸಮಾಧಾನ ನಮಗೆ.

ಭಾರದ ಕೊಂಬೆಯಾದರೆ ಮೂರು ಕೊಯ್ತ ಬೇಕು. ಚಾಚಿದ ಕೊಂಬೆಯ ಮೇಲ್ಭಾಗ ಎಳೆತದಲ್ಲಿರುತ್ತದೆ, ಕೆಳಭಾಗ ಒತ್ತಡದಲ್ಲಿ. ಮೇಲಿನಿಂದ ಸುಮ್ನೆ ಕೊಯ್ಯುತ್ತಾ ಹೋದರೆ ಮುಕ್ಕಾಲಿಗೆ ಬರುವಷ್ಟರಲ್ಲಿ ಕೊಂಬೆ ಜೋತುಬಿದ್ದು, ಕೆಳಗಿನ ತೊಗಟೆಯನ್ನು ಕಾಂಡದ ತನಕ ಸಿಪ್ಪೆ ಸುಲಿದ ಹಾಗೆ ಎಳೆದುಕೊಂಡು ಬೀಳುತ್ತದೆ. ಅದಕ್ಕೆ ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲು ಭಾಗ ಕೊಯ್ಯಬೇಕು. ಕೆಳಗಿನಿಂದ ಜಾಸ್ತಿ ಹೋದರೆ ಒತ್ತಡಕ್ಕೆ ಬಾಯಿ ಮುಚ್ಚಿಕೊಂಡು ಚೈನ್ ಸಿಕ್ಕಿಬೀಳುತ್ತದೆ. ಎರಡನೆಯದು ಅದಕ್ಕಿಂತ ತುಸು ಆಚೆ, ಮೇಲಿನಿಂದ. ಕೊಂಬೆ ಮುರಿದು ಬೀಳುವಾಗ ಸಿಗಿತ ಮೊದಲ ಕೊಯ್ತದಲ್ಲಿ ನಿಲ್ಲುತ್ತದೆ. ಉಳಿದ ಹಗುರ ಮೋಟನ್ನು ಕೊನೆಗೆ ಕಾಲರ್ ಬಳಿ ತೆಗೆಯಬಹುದು.

ಹಳೆಯ ಲಾಪರಿನ ಎರಡು ಹಿಡಿಗಳಿಗೆ ನಾವು ಲೆಕ್ಕಕ್ಕೆ ತಗೊಳ್ಳದ ಇನ್ನೊಂದು ಗುಣವಿತ್ತು. ಎರಡೂ ಕೈ ಅಲಗಿನಿಂದ ದೂರ ಇರಲೇಬೇಕಿತ್ತು. ಎಲೆಕ್ಟ್ರಿಕ್ ಕತ್ತರಿ ಒಂದು ಕೈಯನ್ನು ಖಾಲಿ ಮಾಡಿತು. ಖಾಲಿ ಕೈ ಸುಮ್ಮನಿರುತ್ತದಾ? ಕೊಂಬೆ ಹಿಡಿದುಕೊಳ್ಳಲು ಹೋಗುತ್ತದೆ, ಅಲಗಿನ ಪಕ್ಕಕ್ಕೇ. 3 ಸೆಂ.ಮೀ. ಕೊಂಬೆಯನ್ನು ಕ್ಷಣದಲ್ಲಿ ತುಂಡರಿಸುವ ಯಂತ್ರಕ್ಕೆ ಬೆರಳು ಯಾವ ಲೆಕ್ಕ? ಚರ್ಮ ತಾಗಿದ ಕೂಡಲೇ ನಿಲ್ಲುವ ಕೆಲವು ಮಾದರಿಗಳಿವೆ. ನಿಮ್ಮದು ಅಂಥದ್ದಲ್ಲದಿದ್ದರೆ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದೇ ವಾಸಿ. ದವಡೆ ಇಲ್ಲದ ಪುಟ್ಟ ಚೈನ್ ಗರಗಸದ ಅಪಾಯ ಬೇರೆ. ಅದರ ತುದಿಯ ಮೇಲಿನ ಮೂಲೆ ಯಾವುದಕ್ಕಾದರೂ ತಗುಲಿದರೆ ಗರಗಸ ಹಿಮ್ಮುಖವಾಗಿ ನಿಮ್ಮ ಕಡೆಗೇ ಎಗರುತ್ತದೆ. ಆಗ ಒಂದು ಕೈಹಿಡಿತ ಸಾಲುವುದಿಲ್ಲ. ಸಿಕ್ಕಿಕೊಂಡ ಚೂರು ತೆಗೆಯುವ ಮುಂಚೆ ಬ್ಯಾಟರಿ ಹೊರಗೆ ತೆಗೆಯಿರಿ. ಕರೆಂಟ್ ತಂತಿಯ ಹತ್ತಿರದ ಕೊಂಬೆಯನ್ನಂತೂ ಮುಟ್ಟಲೇಬೇಡಿ. ಹಸಿ ಕೊಂಬೆಯ ತುಂಬ ನೀರು, ಅದರಲ್ಲಿ ಕರೆಂಟ್ ಹರಿಯುತ್ತದೆ. ಕನಿಷ್ಠ 3 ಮೀಟರ್ ದೂರ ಎಂಬುದು ಹಲವು ಕಡೆ ಪಾಲಿಸುವ ಅಳತೆ. ಅದರೊಳಗಿನದು ವಿದ್ಯುತ್ ಇಲಾಖೆಯವರ ಕೆಲಸ.

ಕತ್ತರಿಸಿದ್ದು ರಾಶಿ ಬಿದ್ದಾಗ ಗುಡ್ಡದ ಹಾಗೆ ಕಂಡು ಎದೆ ಒಡೆಯುತ್ತದೆ. ಅದರಲ್ಲಿ ಬಹುಪಾಲು ಗಾಳಿ. ಕವಲುಗಳನ್ನು ಬಿಡಿಸಿ ಒಂದೇ ದಿಕ್ಕಿಗೆ ಜೋಡಿಸಿದರೆ ಮೊಣಕಾಲೆತ್ತರಕ್ಕೆ ಇಳಿಯುತ್ತದೆ. ಈ ಕೆಲಸಕ್ಕೂ ಲಾಪರ್ ಚೆನ್ನ. ಬೆಂಕಿ ಹಚ್ಚಬೇಡಿ. ಹಸಿ ಸೌದೆಯ ಹೊಗೆ ಎಲ್ಲರಿಗೂ ಕೆಟ್ಟದು, ಕಣಗಿಲೆಯಂಥ ಗಿಡದ ಹೊಗೆ ವಿಷವೇ. ಚೂರು ಮಾಡಿ ಗಿಡಗಳ ಬುಡದ ಸುತ್ತ ಹೊದಿಸಬಹುದು, ಕಾಂಡಕ್ಕೆ ತಾಗದಂತೆ. ಮಣ್ಣಿನೊಳಗೆ ಬೆರೆಸಿದರೆ ಮಾತ್ರ ಎಡವಟ್ಟು. ಮರ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ತಿಂದು, ಗಿಡದ ಎಲೆ ಹಳದಿಯಾಗುತ್ತದೆ.

ನನ್ನ ಮರದ ಕಥೆಗೆ ಬರೋಣ. ಜೀವಂತ ಎಲೆಗೊಂಚಲಿನಲ್ಲಿ ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಎಂಬುದು ಬಲ್ಲವರು ಸಾಮಾನ್ಯವಾಗಿ ಹೇಳುವ ಮಿತಿ. ನಾನು ಅರ್ಧ ತೆಗೆದಿದ್ದೆ. ಮಳೆ ಬಂದ ಮೇಲೆ ಮೋಟುಗಳಿಂದೆಲ್ಲ ಪೊರಕೆಯ ಹಾಗೆ ನೆಟ್ಟಗಿನ ಚಿಗುರು ಎದ್ದವು. ಕೊಂಬೆಯ ತುದಿಯ ಮೊಗ್ಗು ಆಕ್ಸಿನ್ ಎಂಬ ರಾಸಾಯನಿಕ ತಯಾರಿಸಿ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬಿಬ್ಬರು ತುದಿ ಕತ್ತರಿಸಿದ ಗಿಡಕ್ಕೆ ಆಕ್ಸಿನ್ ಹಚ್ಚಿ, ಮಲಗಿದ ಮೊಗ್ಗುಗಳು ಮಲಗಿಯೇ ಇರುವುದನ್ನು ತೋರಿಸಿದ್ದರು. ತುದಿ ಹೋದಾಗ ಅದು ತಿನ್ನುತ್ತಿದ್ದ ಸಕ್ಕರೆಯೂ ಪಕ್ಕದ ಮೊಗ್ಗುಗಳ ಪಾಲಾಗುತ್ತದೆ, ಮೊದಲ ಎಚ್ಚರಿಕೆಯ ಗಂಟೆ ಅದೇ ಎಂದು 2014ರ ಒಂದು ಅಧ್ಯಯನ ಹೇಳಿತು. ಯಾವುದೇ ಇರಲಿ, ನಾನು ಎರಡು ಕೊಂಬೆಯ ತೊಂದರೆ ಕಳೆಯಲು ಹೋಗಿ ಇಪ್ಪತ್ತು ಎಬ್ಬಿಸಿದ್ದೆ. ಅವು ಒಳಗಿನ ಮರಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ, ದಪ್ಪವಾದ ಮೇಲೆ ಗಾಳಿಗೆ ಸಿಗಿದು ಬೀಳುವುದೂ ಇವೇ.

ವರ್ಷ ಕಳೆದ ಮೇಲೆ ಗಾಯಗಳನ್ನು ಒಂದೊಂದಾಗಿ ನೋಡಿದೆ. ಮೋಟು ಬಿಟ್ಟ ಕಡೆ ತೊಗಟೆ ಒಣಗಿ ಕಳಚುತ್ತಿತ್ತು. ಕಾಂಡಕ್ಕೆ ಸಮ ಸವರಿದ ಕಡೆ ಎಡಬಲಕ್ಕೆ ಮಾತ್ರ ಹೊಸ ಮರ ಉಬ್ಬಿತ್ತು. ಮೇಲೆ ಕೆಳಗೆ ಖಾಲಿ, ಅರೆತೆರೆದ ಕಣ್ಣಿನ ಹಾಗೆ. ಗೋಡೆಯ ಪಕ್ಕದ ಮೊದಲ ಎರಡು ಕೊಂಬೆಗಳನ್ನು ನಿಧಾನವಾಗಿ, ಸ್ವಲ್ಪ ಹೆದರಿಕೊಂಡೇ ಕತ್ತರಿಸಿದ್ದೆ. ಅಲ್ಲಿ ಮಾತ್ರ ಸುತ್ತಲೂ ಒಂದೇ ದಪ್ಪದ ಬಳೆ ಬೆಳೆದು, ನಡುವಿನ ಗಾಯ ಒಂದು ರೂಪಾಯಿ ನಾಣ್ಯದಷ್ಟಕ್ಕೆ ಇಳಿದಿತ್ತು.