ಪದ ಪರಿಚಯ: ಎನ್172

ಅಮೆರಿಕದ ಹಳೇ ಬೇಸ್‌ಬಾಲ್ ಕಾರ್ಡ್ ಸಂಗ್ರಹಿಸುವವರ ಮಾತಲ್ಲಿ ‘ಎನ್172’ ಅಂತ ಪದೇ ಪದೇ ಬರುತ್ತದೆ. ಇದು ಒಂದು ಕಾರ್ಡಿನ ನಂಬರ್ ಅಲ್ಲ, ಒಂದು ಇಡೀ ಸರಣಿಯ ಗುರುತು. ‘ಎನ್’ ಅಂದರೆ ಹತ್ತೊಂಬತ್ತನೇ ಶತಮಾನದ ಅಮೆರಿಕದ ತಂಬಾಕು ಕಾರ್ಡ್, ಅಂದರೆ ಸಿಗರೇಟ್, ತಂಬಾಕಿನ ಪ್ಯಾಕಿನ ಜೊತೆ ಬರುತ್ತಿದ್ದ ಚಿತ್ರದ ಕಾರ್ಡ್. ಇಪ್ಪತ್ತನೇ ಶತಮಾನದ್ದಾದರೆ ‘ಟಿ’. ಮುಂದಿನ ಅಂಕಿ ಯಾವ ಸರಣಿ ಅಂತ ಹೇಳುತ್ತದೆ.

ಈ ಏರ್ಪಾಟು ಜೆಫರ್ಸನ್ ಬರ್ಡಿಕ್ ಅವರದು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಕಾರ್ಖಾನೆ ಕೆಲಸಕ್ಕಿದ್ದವರು. ಅವರ ಮೊದಲ ಕ್ಯಾಟಲಾಗ್ ಬಂದದ್ದು 1939ರಲ್ಲಿ. ತಮ್ಮಲ್ಲಿದ್ದ 3 ಲಕ್ಷಕ್ಕೂ ಜಾಸ್ತಿ ಕಾರ್ಡು, ಚೀಟಿಗಳನ್ನು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಕೊಟ್ಟು ಸುಮ್ನೆ ಕೂರಲಿಲ್ಲ. ಸಂಧಿವಾತ ಕಾಡುತ್ತಿದ್ದರೂ ಅಲ್ಲೇ ಕೂತು ಆಲ್ಬಮ್‌ಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು, ಮಾರ್ಚ್‌ನಲ್ಲಿ ತೀರಿಕೊಂಡರು. ಇವತ್ತು ನಾವು ಈ ಕಾರ್ಡುಗಳ ಬಗ್ಗೆ ತಲೆ ಕೆಡದೆ ಮಾತಾಡೋಕೆ ಆಗೋದು ಅವರಿಂದಲೇ.

ಇನ್ನು ಎನ್172. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ 1880ರ ದಶಕದ ಕೊನೆಯಲ್ಲಿ ‘ಓಲ್ಡ್ ಜಡ್ಜ್’ ಸಿಗರೇಟ್ ಪ್ಯಾಕಿನಲ್ಲಿಟ್ಟು ಮಾರಿದ ಕಾರ್ಡುಗಳಿವು. ಪ್ಯಾಕ್ ಮೆತ್ತಗಿದ್ದು ಸಿಗರೇಟ್ ಮುರಿಯುತ್ತಿತ್ತು, ಅದಕ್ಕೆ ಒಳಗೊಂದು ರಟ್ಟು. ರಟ್ಟಿನ ಮೇಲೆ ಆಟಗಾರನ ನಿಜವಾದ ಫೋಟೋ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು, ಅಷ್ಟೇ. ಆಗಿನ ಕ್ಯಾಮೆರಾಕ್ಕೆ ಓಡುವ ಚೆಂಡು ಸಿಗುತ್ತಿರಲಿಲ್ಲ. ಹಾಗಾಗಿ ಸ್ಟುಡಿಯೋದಲ್ಲಿ ಚಿತ್ರ ಬರೆದ ಪರದೆ ಕಟ್ಟಿ, ಚೆಂಡನ್ನು ದಾರಕ್ಕೆ ತೂಗುಹಾಕಿ, ಆಟಗಾರನನ್ನು ‘ಹಿಡಿಯುವ’ ಭಂಗಿಯಲ್ಲಿ ನಿಲ್ಲಿಸಿದರು. ಹಲವು ಕಾರ್ಡುಗಳಲ್ಲಿ ಆ ದಾರ ಈಗಲೂ ಕಾಣುತ್ತದೆ!

ನಂಬರ್ ಗೊತ್ತಾದ ಮೇಲೇ ನಿಜವಾದ ಕೆಲಸ ಶುರು. ಈ ಒಂದು ಸರಣಿಯಲ್ಲಿ 500ಕ್ಕೂ ಹೆಚ್ಚು ಆಟಗಾರರಿದ್ದಾರೆ, ಭಂಗಿಗಳು ಸಾವಿರಗಟ್ಟಲೆ. ಇಡೀ ಸರಣಿಗೆ ಹೊಂದುವ ಒಂದೇ ಕ್ರಮಸಂಖ್ಯೆಯ ಸಾಲು ಕಾರ್ಡುಗಳ ಮೇಲಿಲ್ಲ. ಸಿಕ್ಕ ಕಾರ್ಡುಗಳನ್ನು ಒಂದರ ಪಕ್ಕ ಒಂದಿಟ್ಟೇ ಪಟ್ಟಿ ಕಟ್ಟಬೇಕು. ಆಟಗಾರ ತಂಡ ಬದಲಿಸಿದರೆ ಕಂಪನಿ ಹಳೇ ಫೋಟೋನೇ ಇಟ್ಟು ಕೆಳಗಿನ ತಂಡದ ಹೆಸರು ಮಾತ್ರ ತಿದ್ದುವುದೂ ಇತ್ತು. ಹಾಗಾಗಿ ಚಿತ್ರ ಒಂದೇ ಇದ್ದರೂ ಕ್ಯಾಟಲಾಗಿನಲ್ಲಿ ಅದು ಎರಡು ಸಾಲು. ಭಂಗಿ ನೋಡಿ, ಹೆಸರಿನ ಕಾಗುಣಿತ ನೋಡಿ, ಆಮೇಲೆ ಆ ಕಾಲದ ಪತ್ರಿಕೆಯಲ್ಲಿ ಅವನು ಯಾವ ವರ್ಷ ಯಾವ ತಂಡದಲ್ಲಿದ್ದ ಅಂತ ಹುಡುಕಬೇಕು.

ಮೈಕ್ ಕೆಲ್ಲಿ ಅನ್ನುವವರ ಕಾರ್ಡನ್ನೇ ತಗೊಳ್ಳಿ. 1887ರ ಶುರುವಿನಲ್ಲಿ ಷಿಕಾಗೋ ತಂಡ ಅವರನ್ನು ಬಾಸ್ಟನ್‌ಗೆ 10,000 ಡಾಲರಿಗೆ ಮಾರಿತು. ಆಗಿನ ಕಾಲಕ್ಕೆ ಅದು ಊರೆಲ್ಲ ಮಾತಾಡುವಂಥ ಮೊತ್ತ. ಆ ಬೆಲೆಯನ್ನೇ ಹೆಸರಿನ ಜೊತೆ ಬರೆದ ಕಾರ್ಡುಗಳಿವೆ. ಅಂಥ ಕಾರ್ಡು ಕೈಗೆ ಬಂದರೆ, ಅದು ಆ ಮಾರಾಟಕ್ಕಿಂತ ಮೊದಲಿನದಲ್ಲ ಅಂತ ಕಾರ್ಡೇ ಹೇಳುತ್ತದೆ, ಅಲ್ವಾ?

ನೋಡಬೇಕು ಅನಿಸಿದರೆ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1887ರಿಂದ 1914ರವರೆಗಿನ ಸುಮಾರು 2,100 ಬೇಸ್‌ಬಾಲ್ ಕಾರ್ಡುಗಳ ಸಂಗ್ರಹ ಆನ್‌ಲೈನ್‌ನಲ್ಲೇ ಇದೆ. ದೊಡ್ಡದು ಮಾಡಿಕೊಂಡು ದಾರ ಹುಡುಕಿ.